ಕೆಸರು ಜಗುಲಿಯಲ್ಲೇ ನಿಲ್ಲಲಿ

ಮಳೆಗಾಲದಲ್ಲಿ ಮಲೆನಾಡಿನ ಯಾವುದಾದರೂ ಹೊಸ ತಾರಸಿ ಮನೆಯ ಬಾಗಿಲನ್ನು ಸಂಜೆ ನಾಲ್ಕೂವರೆಯಿಂದ ಆರರವರೆಗೆ ಗಮನಿಸಿ ನೋಡಿ. ಶಾಲೆ ಬಿಟ್ಟ ಮಕ್ಕಳು ಬರುತ್ತಾರೆ, ತೋಟದಿಂದ ಯಜಮಾನರು ಬರುತ್ತಾರೆ, ಕೊಟ್ಟಿಗೆ ಕೆಲಸ ಮುಗಿಸಿ ಮನೆಯಾಕೆ ಬರುತ್ತಾಳೆ, ಡೇರಿಗೆ ಹಾಲು ಹಾಕಿ ಬಂದವರು ಕ್ಯಾನು ಹಿಡಿದೇ ಒಳಗೆ ಕಾಲಿಡುತ್ತಾರೆ. ಕೆಸರಾದ ಚಪ್ಪಲಿ, ನೀರು ಸುರಿಯುವ ರೇನ್‌ಕೋಟು, ಛತ್ರಿ, ಹೆಲ್ಮೆಟ್, ಒದ್ದೆಯಾದ ಸ್ಕೂಲ್‌ಬ್ಯಾಗು ಎಲ್ಲವೂ ಅದೇ ಮೂರಡಿ ಜಾಗದಲ್ಲಿ ಬಂದು ಬೀಳುತ್ತವೆ. ಬಾಗಿಲು ದಾಟಿದರೆ ನೇರ ಹಾಲ್, ಹಾಲ್‌ನಲ್ಲಿ ಬೆಳ್ಳಗಿನ ವಿಟ್ರಿಫೈಡ್ ಟೈಲ್ಸ್. ರಾತ್ರಿ ಊಟಕ್ಕೆ ಮುಂಚೆ ಮನೆಯಾಕೆ ಇನ್ನೊಮ್ಮೆ ಸೊಂಟ ಬಗ್ಗಿಸಿ ನೆಲ ಒರೆಸುತ್ತಾಳೆ. ಇದು ಮಳೆಗಾಲದ ನಾಲ್ಕೂ ತಿಂಗಳು ನಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿಗೆ ಬೀಳುವುದು ಅದರ ಏಳರಲ್ಲಿ ಒಂದು ಪಾಲಿನಷ್ಟು. ಅಷ್ಟು ಮಳೆಯ ನಾಡಿನಲ್ಲಿ ಬಾಗಿಲ ಬಳಿಯ ಜಾಗವನ್ನು ಯೋಚಿಸದೆ ಮನೆ ಕಟ್ಟಿದರೆ ಅದರ ಭಾರವೆಲ್ಲ ನೆಲ ಒರೆಸುವವರ ಸೊಂಟದ ಮೇಲೆ.

ಹಳೆಯ ಮನೆಗಳಿಗೆ ಈ ಕಷ್ಟ ಇರಲಿಲ್ಲ. ಅಂಗಳ ದಾಟಿ ಬಂದವರಿಗೆ ಮೊದಲು ಸಿಗುತ್ತಿದ್ದುದು ಮೆಟ್ಟಿಲ ಪಕ್ಕದ ಕಲ್ಲುಮರಿಗೆ, ಅದರಲ್ಲಿ ನೀರು, ಮೇಲೊಂದು ಚೊಂಬು. ಕಾಲು ತೊಳೆದು ಹತ್ತಿದರೆ ಜಗುಲಿ. ಮಳೆಗೆ ಹೊದ್ದು ಬಂದ ಕಂಬಳಿಕೊಪ್ಪೆ, ಗೊರಬು, ಹಾಳೆಟೊಪ್ಪಿ ಜಗುಲಿಯ ಗೂಟಕ್ಕೆ. ಎರಚಲು ಬಾರದಂತೆ ಜಗುಲಿಯಂಚಿಗೆ ಸೋಗೆಯ ತಟ್ಟಿ. ಇಷ್ಟಾದ ಮೇಲೆ ಒಳಬಾಗಿಲು. ಹಿತ್ತಲ ಕಡೆಯಿಂದ ಬಂದವರಿಗೂ ಬಚ್ಚಲು ದಾಟಿದ ಮೇಲೇ ಅಡುಗೆಮನೆ. ನೀರು ಒಂದೊಂದೇ ಹಂತದಲ್ಲಿ ಹಿಂದೆ ಉಳಿಯುತ್ತಾ ಹೋಗಿ, ಒಳಗೆ ಬರುವಾಗ ಕಾಲು ಒಣಗಿರುತ್ತಿತ್ತು. ಹೊಸ ಮನೆಯ ನಕ್ಷೆಯಲ್ಲಿ ಜಗುಲಿ ಕುಗ್ಗಿ ಆರಡಿಯ ಸಿಟ್‌ಔಟ್ ಆಯಿತು, ಮರಿಗೆ ಹೋಯಿತು, ಗೂಟ ಹೋಯಿತು. ಆರಡಿಯಲ್ಲೂ ಅದೇ ಕ್ರಮವನ್ನು ಮರಳಿ ತರಬಹುದು. ಅದಕ್ಕೆ ಬಡಗಿ, ಗಾರೆಯವರನ್ನು ವಾರಗಟ್ಟಲೆ ಕೂರಿಸಿಕೊಳ್ಳಬೇಕಿಲ್ಲ.

ಹಿಮ ಬೀಳುವ ಅಮೆರಿಕದ ಊರುಗಳಲ್ಲಿ ಇದೇ ಉದ್ದೇಶಕ್ಕೆ ಮಡ್‌ರೂಮ್ ಎನ್ನುವ ಪುಟ್ಟ ಕೋಣೆ ಇರುತ್ತದೆ. ಅಲ್ಲಿ ನೆಲೆಸಿದ ನಮ್ಮವರೂ ಬೂಟು, ಕೋಟುಗಳನ್ನು ಅದರಲ್ಲೇ ಬಿಟ್ಟು ಒಳಗೆ ಬರುತ್ತಾರೆ. ಈಗ ಅಂಥ ಕೋಣೆಗಳ ಚಂದದ ಫೋಟೊ ನೋಡಿ ನಮ್ಮಲ್ಲೂ ಬಾಗಿಲಿರುವ ಕಪಾಟು, ಮೆತ್ತೆ ಹಾಸಿದ ಬೆಂಚು ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಅಲ್ಲಿ ಮನೆಯ ಬಿಸಿ ಹೊರಗೆ ಹೋಗಬಾರದೆಂದು ಕೋಣೆ ಮುಚ್ಚಿರುತ್ತದೆ, ಒಳಗಿನ ಗಾಳಿ ಹೀಟರ್‌ನಿಂದ ಒಣಗಿರುತ್ತದೆ, ಹಾಗಾಗಿ ಮುಚ್ಚಿಟ್ಟ ಬೂಟೂ ಒಣಗುತ್ತದೆ. ನಮ್ಮ ಜುಲೈ ತಿಂಗಳಲ್ಲಿ ಗಾಳಿಯೇ ನೀರಾಗಿರುತ್ತದೆ. ಮುಚ್ಚಿದ ಕಪಾಟಿನಲ್ಲಿ ಚರ್ಮದ ಶೂ ಒಂದು ವಾರ ಇಟ್ಟರೆ ಮೇಲೆ ಬೆಳ್ಳಗೆ ಬೂಷ್ಟು ಹಿಡಿದಿರುತ್ತದೆ. ಇಲ್ಲಿ ಬೇಕಾದದ್ದು ಸೂರು ಮತ್ತು ಗಾಳಿ. ಬಾಗಿಲು, ಮುಚ್ಚಳ, ಪರದೆ ಯಾವುದೂ ಬೇಡ.

ಕೆಲಸ ಶುರುಮಾಡುವ ಮೊದಲು ಒಂದು ಸೀಮೆಸುಣ್ಣ ತಗೊಳ್ಳಿ. ಸಿಟ್‌ಔಟ್‌ನ ನೆಲದ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಗೆರೆಯ ಹೊರಗೆ ಒದ್ದೆ, ಒಳಗೆ ಒಣ. ಆಮೇಲೆ ಈಗ ಅಲ್ಲಿರುವ ಪ್ರತಿಯೊಂದು ವಸ್ತು ಯಾವ ಕಡೆಗೆ ಸೇರಬೇಕು ಎಂದು ನೋಡುತ್ತಾ ಹೋಗಿ. ರೇನ್‌ಕೋಟು, ಛತ್ರಿ, ಗಮ್‌ಬೂಟು, ತೋಟದ ಚಪ್ಪಲಿ ಹೊರಗೆ. ಸ್ಕೂಲ್‌ಬ್ಯಾಗು, ಒಣಗಿದ ಶೂ, ಬೈಕಿನ ಕೀಲಿ, ಟಾರ್ಚು, ಪೇಪರು ಒಳಗೆ. ಹೆಚ್ಚಿನ ಮನೆಗಳಲ್ಲಿ ಗಲಿಬಿಲಿಗೆ ಕಾರಣ ಸಾಮಾನು ಜಾಸ್ತಿ ಆಗಿರುವುದಲ್ಲ. ಒದ್ದೆಯದೂ ಒಣಗಿದ್ದೂ ಒಂದೇ ಮೂಲೆಯಲ್ಲಿ, ಒಂದೇ ಸ್ಟ್ಯಾಂಡಿನಲ್ಲಿ ಇರುವುದು. ಗೆರೆಯ ಜಾಗ ಸರಿಯಾಗಿದೆ ಅನ್ನಿಸಲು ಎರಡು ಮೂರು ದಿನ ಹಿಡಿಯಬಹುದು. ಮನೆಯವರು ನಡೆದಾಡುವ ರೀತಿ ನೋಡಿ ಗೆರೆಯನ್ನು ಸರಿಸಿ. ಆಮೇಲೆಯೇ ಗೋಡೆಗೆ ಮೊಳೆ ಹೊಡೆಯುವ ಮಾತು.

ಗೆರೆಯ ಹೊರತುದಿಯಲ್ಲಿ ಕಾಲು ತೊಳೆಯುವ ವ್ಯವಸ್ಥೆ ಬೇಕು. ನಲ್ಲಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸೂರಿನ ನೀರು ಬೀಳುವಲ್ಲಿ ಒಂದು ಬಕೆಟ್ಟು, ಒಂದು ಚೊಂಬು ಸಾಕು. ಮಳೆಗಾಲದಲ್ಲಿ ತಾನೇ ತುಂಬುತ್ತದೆ, ಸೊಳ್ಳೆ ಬೆಳೆಯದಂತೆ ಎರಡು ದಿನಕ್ಕೊಮ್ಮೆ ಚೆಲ್ಲಿದರಾಯಿತು. ನಿಂತು ತೊಳೆಯುವ ಜಾಗಕ್ಕೆ ಪಾಲಿಶ್ ಮಾಡಿದ ಗ್ರಾನೈಟ್ ಹಾಕಿಸಬೇಡಿ. ಒದ್ದೆಯಾದಾಗ ಅದರ ಮೇಲೆ ವಯಸ್ಸಾದವರು ಕಾಲಿಡುವುದು ನೋಡಿದರೆ ಎದೆ ಝಲ್ ಎನ್ನುತ್ತದೆ. ಒರಟು ಮೈಯ ಕಡಪ ಕಲ್ಲಿನ ಒಂದು ಹಾಸು, ಅದೂ ಇಲ್ಲದಿದ್ದರೆ ಮನೆ ಕಟ್ಟಿದಾಗ ಉಳಿದ ಜಂಬಿಟ್ಟಿಗೆಯ ನಾಲ್ಕು ಕಲ್ಲು ಜೋಡಿಸಿ. ಪಾಚಿ ಎಲ್ಲಿ ಬೇಕಾದರೂ ಕಟ್ಟುತ್ತದೆ. ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಉದುರಿಸಿ ತೆಂಗಿನ ಕಡ್ಡಿ ಪೊರಕೆಯಲ್ಲಿ ಉಜ್ಜಿ ತೊಳೆಯುವುದೊಂದೇ ದಾರಿ. ಪಕ್ಕದಲ್ಲಿ ಕೂರಲು ಮೊಣಕಾಲಿನ ಎತ್ತರದ ಕಟ್ಟೆಯೋ ಹಳೆಯ ಸ್ಟೂಲೋ ಇರಲಿ. ಗಮ್‌ಬೂಟನ್ನು ನಿಂತು ಕಳಚುವುದು ಯಾರಿಗೂ ಸುಲಭವಲ್ಲ.

ಕಾಲೊರಸಿನ ವಿಷಯದಲ್ಲಿ ಬಹಳ ಮನೆಗಳು ಹಣ ಹಾಳುಮಾಡುತ್ತವೆ. ಬಾಗಿಲ ಮುಂದೆ ಒಂದು ಸಣ್ಣ ಮೆತ್ತನೆಯ ಮ್ಯಾಟು ಹಾಕುತ್ತಾರೆ, ಮೊದಲ ಇಬ್ಬರು ಬಂದು ಹೋಗುವಷ್ಟರಲ್ಲಿ ಅದು ನೆನೆದು ಮುದ್ದೆಯಾಗುತ್ತದೆ, ಮೂರನೆಯವರ ಕಾಲನ್ನು ಅದೇ ಒದ್ದೆ ಮಾಡುತ್ತದೆ. ಕೆಸರು ತೆಗೆಯುವುದು ಒಂದು ಕೆಲಸ, ನೀರು ಹೀರುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಹಾಸು ಬೇಕು. ಹೊರಗಡೆಗೆ ತೆಂಗಿನ ನಾರಿನ ಗಡಸು ಮ್ಯಾಟು. ನಾರಿನ ತುದಿಗಳು ಅಂಗಾಲಿನ, ಅಟ್ಟೆಯ ಸಂದಿನಿಂದ ಮಣ್ಣನ್ನು ಕೆರೆದು ತೆಗೆಯುತ್ತವೆ, ಮಣ್ಣು ಕೆಳಗಿಳಿದು ನಿಲ್ಲುತ್ತದೆ. ನಾರಿನಲ್ಲಿ ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ಅದು ನೀರಿಗೆ ಬೇಗ ಕೊಳೆಯುವುದಿಲ್ಲ. ಒಳಗಡೆಗೆ ಹೀರುವ ಹಾಸು. ಅದಕ್ಕೆ ತೊಳೆದ ಗೋಣಿತಾಟು ಮಡಚಿ ಹಾಕಿದರೂ ಆಯಿತು, ಹಳೆಯ ಟರ್ಕಿ ಟವೆಲನ್ನು ಎರಡು ಪದರ ಮಾಡಿ ಹೊಲಿದರೂ ಆಯಿತು. ಗೋಣಿ ನೀರು ಚೆನ್ನಾಗಿ ಹೀರುತ್ತದೆ, ಆದರೆ ಒದ್ದೆಯಲ್ಲೇ ಬಿಟ್ಟರೆ ವಾಸನೆ ಬಂದು ಕೊಳೆಯುತ್ತದೆ. ಆದ್ದರಿಂದ ಮೂರು ಮಾಡಿಟ್ಟುಕೊಳ್ಳಿ. ಒಂದು ನೆಲದಲ್ಲಿ, ಒಂದು ಒಣಗುತ್ತಿರುತ್ತದೆ, ಒಂದು ಕೈಗೆ ಸಿಗುವಂತಿರುತ್ತದೆ. ಎರಡೂ ಹಾಸು ಸೇರಿ ಐದಾರು ಅಡಿ ಉದ್ದವಾದರೆ ಪ್ರತಿ ಕಾಲೂ ಎರಡು ಸಲ ಊರಲೇಬೇಕಾಗುತ್ತದೆ. ಯಾರೂ ನಿಂತು ಒರೆಸಿಕೊಳ್ಳದಿದ್ದರೂ, ನಡೆಯುತ್ತಲೇ ಅರ್ಧ ಕೆಸರು ಅಲ್ಲೇ ಉಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಉದ್ದ ಬಹಳ ಮುಖ್ಯ.

ಇನ್ನು ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ, ರೇನ್‌ಕೋಟಿನ ಗೂಟ ಮತ್ತು ಅದರ ಕೆಳಗಿನ ದಂಬೆ. ತೊಟ್ಟಿಕ್ಕುವ ರೇನ್‌ಕೋಟನ್ನು ಎಲ್ಲಿ ನೇತುಹಾಕಿದರೂ ಕೆಳಗೆ ಕೊಳವಾಗುತ್ತದೆ. ಬಕೆಟ್ಟು ಇಟ್ಟರೆ ಒಂದೊಂದು ರೇನ್‌ಕೋಟಿಗೂ ಒಂದು ಬಕೆಟ್ಟು ಬೇಕು, ಯಾರಾದರೂ ಎಡವುತ್ತಾರೆ. ಅಡಿಕೆಮರದ ತಿರುಳು ತೆಗೆದು ನೀರು ಹರಿಸುವ ದಂಬೆ ಮಾಡುತ್ತಿದ್ದ ಊರಿನವರಿಗೆ ಇದಕ್ಕೆ ಉತ್ತರ ಗೊತ್ತೇ ಇದೆ. ನಾಲ್ಕು ಇಂಚಿನ ಪಿವಿಸಿ ಪೈಪು ಐದಡಿ ಉದ್ದ ತಗೊಂಡು ಉದ್ದುದ್ದ ಎರಡು ಹೋಳಾಗಿ ಸೀಳಿಸಿ. ಕೈಯಲ್ಲಿ ಹ್ಯಾಕ್ಸಾ ಹಿಡಿದು ಸೀಳಲು ತಾಳ್ಮೆ ಬೇಕು. ಪ್ಲಂಬರ್ ಹತ್ತಿರ ಕಟಿಂಗ್ ಮೆಷಿನ್ ಇದ್ದರೆ ಕೆಲವೇ ನಿಮಿಷದ ಕೆಲಸ. ಸೀಳಿದ ಅಂಚನ್ನು ಮರಳು ಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಒಂದು ಹೋಳನ್ನು ಗೋಡೆಯ ಬುಡದಲ್ಲಿ ಗೂಟಗಳ ನೇರಕ್ಕೆ ಮಲಗಿಸಿ, ಒಳತುದಿಯ ಕೆಳಗೆ ಒಂದು ಇಂಚು ದಪ್ಪದ ಹಲಗೆ ಚೂರು ಕೊಡಿ. ಹೊರತುದಿ ಅಂಗಳದ ಕಡೆಗಿರಲಿ. ಐದಡಿಗೆ ಒಂದಿಂಚು ಇಳಿಜಾರು ಅಂದರೆ ತೊಟ್ಟಿಕ್ಕಿದ ನೀರು ನಿಲ್ಲದೆ ಹೋಗಲು ಸಾಕು. ಕೆಸರು ತಳದಲ್ಲಿ ಕೂತಾಗ ಮೇಲಿನ ತುದಿಯಿಂದ ಒಂದು ಚೊಂಬು ನೀರು ಸುರಿದರೆ ತೊಳೆದುಹೋಗುತ್ತದೆ. ಉಳಿದ ಹೋಳು ಹಿತ್ತಲ ಬಾಗಿಲಿಗೆ.

ಗೂಟದ ಹಲಗೆ ಗೋಡೆಗೆ ಅಂಟಿರಬಾರದು. ಗೂಟಗಳು ಐದಾರು ಇಂಚು ಹೊರಗೆ ಚಾಚಿರಬೇಕು, ಕೋಟಿನ ಬೆನ್ನಿಗೂ ಗೋಡೆಗೂ ನಡುವೆ ಗಾಳಿ ಓಡಾಡಬೇಕು. ಒಂದು ಗೂಟಕ್ಕೂ ಇನ್ನೊಂದಕ್ಕೂ ಹತ್ತು ಇಂಚಿಗೆ ಕಡಿಮೆ ಅಂತರ ಬೇಡ. ದೊಡ್ಡವರ ಸಾಲು ಐದೂವರೆ ಅಡಿ ಎತ್ತರಕ್ಕೆ, ಮಕ್ಕಳದ್ದು ಮೂರಡಿಗೆ. ಮಗುವಿಗೆ ಎಟುಕದ ಗೂಟ ಹಾಕಿ ಆಮೇಲೆ ‘ಕೋಟು ನೆಲಕ್ಕೆ ಎಸೀಬೇಡ’ ಎಂದು ಗದರುವುದು ನ್ಯಾಯವಲ್ಲ. ಜಂಬಿಟ್ಟಿಗೆ ಗೋಡೆಯಲ್ಲಿ ಸ್ಕ್ರೂಗಳಿಗೆ ಹಿಡಿತ ಕಡಿಮೆ, ಒದ್ದೆ ಕೋಟುಗಳ ಭಾರಕ್ಕೆ ಕ್ರಮೇಣ ಸಡಿಲವಾಗುತ್ತವೆ. ಹೆಂಚಿನ ಮಾಡು ಇದ್ದರೆ ಪಕಾಸಿಯಿಂದ ಎರಡು ಸರಿಗೆ ಇಳಿಬಿಟ್ಟು ಅಡ್ಡಕ್ಕೆ ಬಿದಿರಿನ ಗಳು ಕಟ್ಟುವುದು ಹೆಚ್ಚು ಭದ್ರ, ಖರ್ಚೂ ಇಲ್ಲ. ಛತ್ರಿಗಳನ್ನು ಅದೇ ಗಳುವಿಗೆ ಹಿಡಿಕೆಯಿಂದ ತೂಗುಹಾಕಿ, ಅರ್ಧ ಬಿಚ್ಚಿದಂತೆ ಇರಲಿ. ಪೂರ್ತಿ ಮಡಚಿಟ್ಟರೆ ಕಡ್ಡಿಗಳ ಸಂದು ತುಕ್ಕು ಹಿಡಿಯುತ್ತದೆ. ಸ್ವಿಚ್‌ಬೋರ್ಡಿನ ಹತ್ತಿರ ಮಾತ್ರ ಒದ್ದೆಯ ಗೂಟ ಬೇಡವೇ ಬೇಡ.

ಚಪ್ಪಲಿ ಸ್ಟ್ಯಾಂಡಿಗೆ ಅಡಿಕೆ ದಬ್ಬೆಯಷ್ಟು ಒಳ್ಳೆಯ ವಸ್ತು ನಮ್ಮ ಕಡೆ ಇನ್ನೊಂದಿಲ್ಲ. ಬೆರಳಗಲ ಸಂದು ಬಿಟ್ಟು ದಬ್ಬೆಗಳನ್ನು ಎರಡು ಅಡ್ಡಪಟ್ಟಿಗೆ ಹೊಡೆದರೆ ಒಂದು ಅಂತಸ್ತು ಸಿದ್ಧ. ನೀರು ಕೆಳಗಿಳಿಯುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ದಬ್ಬೆ ಸಿಗದ ಊರಿನಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಬೋರಲು ಹಾಕಿ ಅವುಗಳ ಮೇಲೆ ಚಪ್ಪಲಿ ಜೋಡಿಸಿಡಿ. ಅಂಗಡಿಯಲ್ಲಿ ಸಿಗುವ ಪಾರ್ಟಿಕಲ್ ಬೋರ್ಡಿನ ಕಪಾಟು ಅಗ್ಗ ಎನ್ನಿಸುತ್ತದೆ, ಬುಡ ಒಮ್ಮೆ ನೀರು ಕುಡಿದರೆ ಊದಿಕೊಂಡು ಉದುರುತ್ತದೆ. ಪ್ಲೈವುಡ್ಡಿನಲ್ಲೇ ಮಾಡಿಸಬೇಕೆಂದಿದ್ದರೆ ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ ತಗೊಳ್ಳಿ, ಅದು ನೀರು ತಡೆಯುವ ಮರೀನ್ ದರ್ಜೆಯದು. ಸ್ಟ್ಯಾಂಡಿನ ಮೊದಲ ಅಂತಸ್ತು ನೆಲದಿಂದ ಮುಕ್ಕಾಲು ಅಡಿಯಾದರೂ ಮೇಲಿರಲಿ. ಪೊರಕೆ ಕೆಳಗೆ ಆಡಬೇಕು, ಟಾರ್ಚು ಬಿಟ್ಟರೆ ಹಿಂದಿನ ಗೋಡೆ ಕಾಣಬೇಕು. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಬರುವ ಚೇಳು, ಹಾವು ಕೂರುವುದು ಇಂಥ ಕತ್ತಲ ಸಂದಿಯಲ್ಲೇ. ಗಮ್‌ಬೂಟನ್ನು ನೆಲದ ಮೇಲೆ ನಿಲ್ಲಿಸಿಡುವ ಅಭ್ಯಾಸವನ್ನು ಈ ಕಾರಣಕ್ಕೇ ಬಿಡಬೇಕು. ಹಲಗೆಗೆ ಒಂದಡಿ ಉದ್ದದ ಕೋಲುಗಳನ್ನು ಸ್ವಲ್ಪ ಮೇಲ್ಮುಖವಾಗಿ ನೆಟ್ಟು ಬೂಟನ್ನು ತಲೆಕೆಳಗಾಗಿ ಸಿಕ್ಕಿಸಿ. ಒಳಗಿನ ನೀರು ಇಳಿಯುತ್ತದೆ, ಕಪ್ಪೆಯೂ ಸೇರುವುದಿಲ್ಲ. ಹಾಗಿದ್ದರೂ ಹಾಕಿಕೊಳ್ಳುವ ಮೊದಲು ಒಮ್ಮೆ ಕೊಡವಿ ನೋಡುವುದನ್ನು ಮಕ್ಕಳಿಗೆ ಕಲಿಸಲೇಬೇಕು.

ತೋಟದ ಮನೆಗೆ ಇನ್ನೆರಡು ಸಾಮಾನು. ಮೆಟ್ಟಿಲ ಹತ್ತಿರ ಮುಚ್ಚಳದ ಡಬ್ಬದಲ್ಲಿ ಉಪ್ಪು, ಇಂಬಳ ಕಚ್ಚಿಕೊಂಡು ಬಂದರೆ ಅಲ್ಲೇ ಬಿಡಿಸಿಕೊಳ್ಳಲು. ಬೆರಳ ಸಂದಿ ನೋಡಿಕೊಂಡೇ ಒಳಗೆ ಬನ್ನಿ. ಎರಡನೆಯದು, ಔಷಧಿ ಹೊಡೆದ ಬಟ್ಟೆಗೆ ಪ್ರತ್ಯೇಕ ಗೂಟ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಅದರ ನೀಲಿ ಹನಿ ಹತ್ತಿದ ಅಂಗಿ, ಟೊಪ್ಪಿ, ಕೈಗವಸು ಮಕ್ಕಳ ರೇನ್‌ಕೋಟಿನ ಪಕ್ಕ ತೂಗಬಾರದು. ಆ ಗೂಟವನ್ನು ಹಿತ್ತಲಲ್ಲೋ ಅಡಿಕೆ ಮನೆಯ ಗೋಡೆಯಲ್ಲೋ ಹಾಕಿ, ನೀಲಿ ಬಣ್ಣ ಬಳಿದಿಡಿ. ಎಲ್ಲರಿಗೂ ನೆನಪಿರುತ್ತದೆ.

ಒಣಗಿಸುವ ವಿದ್ಯೆ ಸ್ವಲ್ಪ ತಿಳಿದಿರಬೇಕು. ಒದ್ದೆ ಶೂವಿನೊಳಗೆ ಪೇಪರು ತುರುಕಿ, ಎರಡು ಗಂಟೆ ಬಿಟ್ಟು ಆ ಪೇಪರು ತೆಗೆದು ಹೊಸದು ಹಾಕಿ. ಹೀರಿದ ನೀರು ಪೇಪರಿನಲ್ಲೇ ಇರುತ್ತದಾದ್ದರಿಂದ ಬದಲಾಯಿಸದಿದ್ದರೆ ಪ್ರಯೋಜನವಿಲ್ಲ. ಯೂನಿಫಾರಮ್ಮು, ಕಾಲುಚೀಲಗಳನ್ನು ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕುವುದು ನಮ್ಮ ಮನೆಗಳ ಹಳೆಯ ರೂಢಿ, ಅದು ಸರಿಯಾದದ್ದೇ. ಆದರೆ ಚರ್ಮದ ಶೂ ಒಲೆಯ ಹತ್ತಿರ ಬೇಡ, ಚರ್ಮ ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಅದಕ್ಕೆ ಫ್ಯಾನಿನ ಗಾಳಿಯೇ ಒಳ್ಳೆಯದು. ಹೆಲ್ಮೆಟ್ ಕೂಡ ದಬ್ಬೆಯ ಮೇಲೆ ಬೋರಲು ಕೂತರೆ ಒಳಗಿನ ಸ್ಪಂಜಿಗೆ ಗಾಳಿ ತಗಲುತ್ತದೆ. ಬಿಳಿ ಯೂನಿಫಾರಮ್ಮಿಗೆ ಕೆಮ್ಮಣ್ಣು ಹತ್ತಿದರೆ ಆ ಕ್ಷಣ ಉಜ್ಜಬೇಡಿ, ಮಣ್ಣು ನೂಲಿನೊಳಗೆ ಇಳಿಯುತ್ತದೆ. ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಿ, ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸೋಪು. ಉಳಿದ ಕೆಂಪು ಛಾಯೆ ಕಬ್ಬಿಣದ ಅಂಶದ್ದು, ಅದಕ್ಕೆ ನಿಂಬೆರಸ ತಾಗಿಸಿ. ಬ್ಲೀಚ್ ಹಾಕಿದರೆ ಆ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಗೋಡೆಯ ಅಂದದ ಮಾತಿಗೆ ಬರೋಣ. ಹಳೆಯ ಮನೆಗಳ ಹೊರಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನದೋ ಕಪ್ಪಿನದೋ ಅಗಲವಾದ ಪಟ್ಟಿ, ಮೇಲೆ ಬಿಳಿ ಸುಣ್ಣ ಇರುವುದನ್ನು ನೀವು ನೋಡಿರುತ್ತೀರಿ. ಅದು ಚಂದಕ್ಕೆ ಮಾತ್ರ ಹಾಕಿದ್ದಲ್ಲ. ಸೂರಿನ ನೀರು ಅಂಗಳಕ್ಕೆ ಬಿದ್ದು ಮಣ್ಣಿನ ಸಮೇತ ಒಂದೆರಡು ಅಡಿ ಮೇಲಕ್ಕೆ ಸಿಡಿಯುತ್ತದೆ, ಆ ಕಲೆ ಪಟ್ಟಿಯೊಳಗೆ ಕಾಣದೆ ಹೋಗುತ್ತದೆ. ಸಿಟ್‌ಔಟ್‌ನ ಒದ್ದೆ ಭಾಗಕ್ಕೂ ಅದನ್ನೇ ಮಾಡಿ. ನೆಲದಿಂದ ಮೂರಡಿ ಕಾವಿ ಬಣ್ಣ, ಮೇಲೆ ಸುಣ್ಣ. ಮಕ್ಕಳ ಕೈ, ಬ್ಯಾಗಿನ ಉಜ್ಜು, ಕೋಟಿನ ತುದಿ ಎಲ್ಲವೂ ಈ ಮೂರಡಿಯೊಳಗೇ ತಾಗುವುದು. ಸುಣ್ಣ ಕ್ಷಾರ ಗುಣದ್ದಾದ್ದರಿಂದ ಬೂಷ್ಟು ಅಷ್ಟು ಸುಲಭಕ್ಕೆ ಹತ್ತುವುದಿಲ್ಲ, ಗೋಡೆಯ ತೇವ ಹೊರಗೆ ಹೋಗಲೂ ಬಿಡುತ್ತದೆ. ಪ್ಲಾಸ್ಟಿಕ್ ಬಣ್ಣ ತೇವದ ಗೋಡೆಯಲ್ಲಿ ಗುಳ್ಳೆಯೆದ್ದು ಸಿಪ್ಪೆ ಸುಲಿಯುತ್ತದೆ. ಈಗಾಗಲೇ ಅಂಥ ಬಣ್ಣವಿದ್ದರೆ ಕೆರೆದು ತೆಗೆದ ಮೇಲೇ ಸುಣ್ಣ ಹಿಡಿಯುವುದು. ಈ ಕೆಲಸ ಮಾರ್ಚ್, ಏಪ್ರಿಲ್‌ನಲ್ಲಿ ಗೋಡೆ ಪೂರ್ತಿ ಒಣಗಿರುವಾಗ ಆಗಬೇಕು.

ಕಾವಿ ಪಟ್ಟಿಗೂ ದೊಡ್ಡವರ ಗೂಟದ ಹಲಗೆಗೂ ನಡುವೆ ಉಳಿಯುವ ಬಿಳಿ ಜಾಗದಲ್ಲಿ ಮಕ್ಕಳೇ ತಮ್ಮ ತಮ್ಮ ಗೂಟದ ಮೇಲ್ಗಡೆ ಒಂದು ಚಿತ್ರ ಬರೆಯಲಿ. ಒಬ್ಬನಿಗೆ ನವಿಲು, ಒಬ್ಬಳಿಗೆ ಏಡಿ. ಓದಲು ಬಾರದ ಪುಟ್ಟ ಮಗುವೂ ತನ್ನ ಗೂಟ ಗುರುತಿಸುತ್ತದೆ, ತಾನೇ ಬರೆದದ್ದಾದ್ದರಿಂದ ಕೋಟನ್ನು ಅಲ್ಲೇ ಹಾಕುತ್ತದೆ. ಇದಕ್ಕಿಂತ ಚಂದದ ಅಲಂಕಾರ ನನಗೆ ಹೊಳೆಯುವುದಿಲ್ಲ. ಇದರ ಜೊತೆಗೆ ಇನ್ನೂ ಏನಾದರೂ ಬೇಕೆನ್ನಿಸಿದರೆ, ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಜಗುಲಿಗೆ ಬಹಳ ಒಪ್ಪುತ್ತದೆ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಗಿ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಈ ಬಣ್ಣಗಳು ನೀರಿಗೆ ಕರಗುವಂಥವು, ಎರಚಲು ಬರುವ ಗೋಡೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಗೆರೆಯ ಒಳಗಿನ ಒಣ ಭಾಗದಲ್ಲಿ ಒಂದು ಹಲಗೆಯ ಮೇಲೆ ಬರೆಸಿ ತೂಗುಹಾಕಿ. ಸ್ಟಿಕ್ಕರ್ ಅಂಟಿಸಬೇಡಿ, ಬರೆಯುವವರು ಇನ್ನೂ ಇದ್ದಾರೆ, ಅವರಿಗೆ ಹಣ ಕೊಟ್ಟು ಬರೆಸಿ. ಬಜೆಟ್ಟಿನಲ್ಲಿ ಹೆಚ್ಚು ಖರ್ಚು ಎಲ್ಲಾದರೂ ಮಾಡುವುದಿದ್ದರೆ ಅದು ಇದಕ್ಕಿರಲಿ.

ಚಿತ್ತಾರ ಬಿಟ್ಟು ಉಳಿದದ್ದಕ್ಕೆ, ಅಂದರೆ ನಾರಿನ ಮ್ಯಾಟು, ಪೈಪು, ಸ್ಕ್ರೂ, ಸುಣ್ಣ, ಕಾವಿ, ಒಂದು ಎಲ್‌ಇಡಿ ಬಲ್ಬಿಗೆ, ಊರು ಅಂಗಡಿ ನೋಡಿ ಹೆಚ್ಚುಕಡಿಮೆ 2,000 ರೂಪಾಯಿಯಲ್ಲಿ ಮುಗಿಯುತ್ತದೆ. ದಬ್ಬೆ, ಗಳು, ಗೋಣಿ ಮನೆಯದ್ದೇ. ಕೈಯಲ್ಲಿ ಅಷ್ಟೂ ಇಲ್ಲದಿದ್ದರೆ ಮೊದಲು ನಾರಿನ ಮ್ಯಾಟು, ನಂತರ ದಂಬೆ. ಬಣ್ಣ ಮುಂದಿನ ವರ್ಷಕ್ಕಾದರೂ ಆಗುತ್ತದೆ. ಬೆಳಕನ್ನು ಮಾತ್ರ ಮುಂದೂಡಬೇಡಿ, ಮಳೆಗಾಲದ ಸಂಜೆ ಕತ್ತಲು ಬೇಗ ಕವಿಯುತ್ತದೆ, ಮೆಟ್ಟಿಲ ಮೇಲೇನಿದೆ ಎಂದು ಕಾಣಲೇಬೇಕು.

ಎರಚಲು ಜೋರಾಗಿ ಬರುವ ಪಡುವಣ ದಿಕ್ಕಿಗೆ ಬಾಗಿಲಿದ್ದರೆ ನೀಲಿ ಟಾರ್ಪಲ್ ಕಟ್ಟಿ ಪೂರ್ತಿ ಮುಚ್ಚುವ ಬದಲು ನರ್ಸರಿಯವರು ಬಳಸುವ ಹಸಿರು ನೆರಳುಬಲೆ ಕಟ್ಟಿ ನೋಡಿ. ಹನಿಯ ಪೆಟ್ಟು ತಗ್ಗುತ್ತದೆ, ಗಾಳಿ ನಿಲ್ಲುವುದಿಲ್ಲ. ಸೋಗೆಯ ತಟ್ಟಿ ಹೆಣೆಯಲು ಬಲ್ಲವರಿದ್ದರೆ ಅದು ಇನ್ನೂ ಒಳ್ಳೆಯದು.

ಅಪಾರ್ಟ್‌ಮೆಂಟಿನವರಿಗೆ ಸೂರೂ ಇಲ್ಲ ಅಂಗಳವೂ ಇಲ್ಲ, ಬಾಗಿಲ ಹೊರಗಿನ ದಾರಿ ಎಲ್ಲರದ್ದು, ಬೆಂಕಿ ಬಿದ್ದಾಗ ಓಡುವ ದಾರಿಯೂ ಅದೇ. ಅಲ್ಲಿ ಸ್ಟ್ಯಾಂಡು ಇಡುವುದು ತಪ್ಪು. ಒಣಗಿದ್ದು ಬಾಗಿಲ ಒಳಗೆ, ಒದ್ದೆಯದ್ದು ನೇರ ಯುಟಿಲಿಟಿಗೆ. ನಡುವಿನ ದಾರಿಗೆ ಒಂದು ಉದ್ದ ಹಾಸು ಹಾಕಿದರೆ ಮುಗಿಯಿತು.

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಒಂದು ಬಿಸಿಲು ದಿನ ಎಲ್ಲವನ್ನೂ ಅಂಗಳಕ್ಕಿಳಿಸಿ. ನಾರಿನ ಮ್ಯಾಟನ್ನು ಬೋರಲು ಹಾಕಿ ಕೋಲಿನಿಂದ ಬಡಿದು ಮಣ್ಣು ಉದುರಿಸಿ, ತೊಳೆದು ಎರಡು ದಿನ ಒಣಗಿಸಿ. ಗಮ್‌ಬೂಟು, ರೇನ್‌ಕೋಟಿನ ಒಳಮೈಗೆ ಪೌಡರ್ ಸವರಿ, ಇಲ್ಲದಿದ್ದರೆ ಬೇಸಗೆಯ ಸೆಖೆಗೆ ಅಂಟಿಕೊಳ್ಳುತ್ತವೆ. ಛತ್ರಿಯ ಕಡ್ಡಿಗಳ ಸಂದಿಗೆ ಒಂದೊಂದು ಹನಿ ಕೊಬ್ಬರಿ ಎಣ್ಣೆ ಬಿಡಿ. ದಂಬೆಯನ್ನು ಬಿಸಿಲಲ್ಲಿ ಬಿಡಬೇಡಿ, ಪಿವಿಸಿ ಬಿಸಿಲಿಗೆ ಪೆಡಸಾಗಿ ಒಡೆಯುತ್ತದೆ. ತೊಳೆದು ಅಟ್ಟಕ್ಕೆ ಹಾಕಿ. ಸೊಟ್ಟಗಾದ ದಬ್ಬೆ, ಸಡಿಲಾದ ಗೂಟ ಆಗಲೇ ಬದಲಾಯಿಸಿಕೊಳ್ಳಿ. ಮೇ ಕೊನೆಗೆ ಬಿಟ್ಟರೆ ಮೊದಲ ಮಳೆ ಬರುವವರೆಗೂ ಯಾರಿಗೂ ನೆನಪಾಗುವುದಿಲ್ಲ.